ಅಜ್ಜಿಯ ಕಿವಿಯೊಳಗಿನ ಬಾಡಿಗೆದಾರ

ಇದು ನಡೆದದ್ದು ನಿಜ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ, ನನ್ನ ಹೆಂಡತಿ ನನ್ನ ಬಗ್ಗೆ ಹೇಳುವುದೆಲ್ಲ ನಿಜ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುತ್ತೇನೆ. ಇದಕ್ಕಿಂತ ದೊಡ್ಡ ಆಣೆ ನನ್ನ ಹತ್ತಿರ ಇಲ್ಲ.

ತಕ್ಕಡಿಯಣ್ಣ ಅಂತ ಒಬ್ಬರು. ಅಂಗಡಿ ಅಂಗಡಿಗೆ ಹೋಗಿ, ತಕ್ಕಡಿ ಸರಿಯಾಗಿ ತೂಗುತ್ತದೋ ಇಲ್ಲವೋ ನೋಡಿ, ಸರ್ಕಾರದ ಮುದ್ರೆ ಒತ್ತಿ ಬರುವುದು ಅವರ ನೌಕರಿ. ಅವರು ಬೀದಿ ತುದಿಯಲ್ಲಿ ಕಂಡರೆ ಸಾಕು, ಅಂಗಡಿಯವರೆಲ್ಲ ತಟ್ಟೆಯ ಅಡಿಗೆ ಅಂಟಿಸಿದ್ದ ಮೇಣ ಕೆರೆಯಲು ಶುರು ಮಾಡುತ್ತಿದ್ದರು. ಹಾಗಂತ ಆಸಾಮಿ ಗಟ್ಟಿಗ ಅಂದುಕೊಳ್ಳಬೇಡಿ. ತಕ್ಕಡಿಯ ಜೊತೆ ಎಷ್ಟು ಸಲೀಸೋ ಮನುಷ್ಯರ ಜೊತೆ ಅಷ್ಟೇ ಪೇಚು. ಯಾರಾದರೂ ಎದುರಿಗೆ ಬಂದು "ಏನ್ರೀ, ಚೆನ್ನಾಗಿದ್ದೀರಾ?" ಅಂದರೆ, ಆ ಪ್ರಶ್ನೆಯನ್ನು ಎಡಗೈಯಲ್ಲಿ ತೂಗಿ, ಬಲಗೈಯಲ್ಲಿ ತೂಗಿ, ಉತ್ತರ ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಮನೆ ಸೇರಿ, ಊಟ ಮಾಡಿ, ಕೈ ತೊಳೆದು ಆಗಿರುತ್ತಿತ್ತು.

ಅದೇ ಮನುಷ್ಯನ ಕೈಗೆ ಒಂದು ಮೈಕು ಕೊಡಿ, ಆಮೇಲೆ ನೋಡಿ! ಲೈಸೆನ್ಸು ತೆಗೆದುಕೊಂಡು ಮನೆಯಲ್ಲೇ ರೇಡಿಯೋ ಇಟ್ಟುಕೊಂಡು ದೂರದೂರದವರ ಜೊತೆ ಹರಟುವವರು ಇರುತ್ತಾರಲ್ಲ, ತಕ್ಕಡಿಯಣ್ಣ ಆ ಪೈಕಿ. ಮೈಕಿನ ಗುಂಡಿ ಒತ್ತಿದರೆ ನಾವು ಮಾತಾಡಬೇಕು, ಬಿಟ್ಟರೆ ಆ ಕಡೆಯವರು ಮಾತಾಡಬೇಕು. ನಮ್ಮದು ಮುಗಿಯಿತು, ಇನ್ನು ನಿಮ್ಮದು ಅನ್ನುವುದಕ್ಕೆ "ಓವರ್" ಅನ್ನಬೇಕು. ಈ ಏರ್ಪಾಡು ತಕ್ಕಡಿಯಣ್ಣನಿಗೆ ಬಹಳ ಹಿಡಿಸಿತ್ತು. ಎರಡೂ ಕಡೆ ಸಮ ತೂಕ.

ದಿನಾ ಸಂಜೆ ಅವರು ಮಾತಾಡುತ್ತಿದ್ದದ್ದು ಒಬ್ಬರ ಜೊತೆ ಮಾತ್ರ. ಸಮುದ್ರದ ನಡುವೆ ಒಂದು ಬಂಡೆ, ಬಂಡೆ ಮೇಲೆ ಒಂದು ದೀಪಸ್ತಂಭ, ಅದರೊಳಗೆ ಒಬ್ಬರೇ ಒಬ್ಬರು ಕಾವಲುಗಾರ. ಮೆಟ್ಟಿಲು ಹತ್ತಿ ಹತ್ತಿ ಆ ಪುಣ್ಯಾತ್ಮನ ಮಂಡಿ ಸವೆದು ಹೋಗಿತ್ತು. ಮಾತಾಡಿಸುವವರು ಅಂದರೆ ಅಲೆ, ಇಲ್ಲವೇ ತಕ್ಕಡಿಯಣ್ಣ. ಸಂಜೆಯಾದರೆ ತಕ್ಕಡಿಯಣ್ಣ ಗುಂಡಿ ಒತ್ತಿ, "ಚೆನ್ನಾಗಿದ್ದೀರಾ? ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಕೊಂಡ್ರಾ? ನಿಮ್ಮ ದನಿ ಕೇಳಿದ್ರೆ ಹೊಟ್ಟೆ ತುಂಬ್ದಂಗಾಗುತ್ತೆ. ಇವತ್ತು ಏನೇನಾಯ್ತು, ಒಂದೂ ಬಿಡ್ದೆ ಹೇಳಿ. ಓವರ್" ಅನ್ನುತ್ತಿದ್ದರು. ಆಮೇಲೆ ಆ ಕಡೆಯವರು ಅಲೆ, ಹಕ್ಕಿ, ಮಂಡಿ ಎಲ್ಲದರ ಕಥೆ ಹೇಳಿ ಮುಗಿಸುವ ತನಕ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದರು.

ಮನೆಯದೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ಬೀರು ನಿಲ್ಲಿಸಿದಂಥ ಉದ್ದನೆ ಕಟ್ಟಡ. ಕೆಳಗಡೆ ತಕ್ಕಡಿಯಣ್ಣ ಮತ್ತು ಅವರ ಹೆಂಡತಿ. ಅದರ ಮೇಲೆ ಡ್ಯಾನ್ಸ್ ಟೀಚರು. ಅದರ ಮೇಲೆ ವಕೀಲರು. ಎಲ್ಲರ ತಲೆಯ ಮೇಲೆ, ಇಡೀ ಕಟ್ಟಡದ ಒಡತಿ, ಅಜ್ಜಿ. ನೀರಿನ ಪಂಪಿನ ಸ್ವಿಚ್ಚು ಅಜ್ಜಿಯ ಮಂಚದ ಪಕ್ಕ ಇತ್ತು. ಅಂದ ಮೇಲೆ ಯಾರ ಜುಟ್ಟು ಯಾರ ಕೈಲಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಒಬ್ಬರು ಮೆಟ್ಟಿಲ ಮೇಲೆ ಜೋರಾಗಿ ಸೀನಿದರೂ ಅವತ್ತು ಇಡೀ ಕಟ್ಟಡಕ್ಕೆ ಸ್ನಾನ ಇಲ್ಲ.

ತಕ್ಕಡಿಯಣ್ಣನ ಆಂಟೆನಾ ತಾರಸಿಯ ಮೇಲಿತ್ತು. ನಡುವೆ ಒಂದು ಕಂಬ, ಅದರಿಂದ ಎಡಕ್ಕೊಂದು ತಂತಿ, ಬಲಕ್ಕೊಂದು ತಂತಿ, ಸಮ ಉದ್ದದ ಎರಡು ತೋಳು. ನಡುವಿನಿಂದ ಹೊರಟ ಕೇಬಲ್ಲು ಹಿಂಗೋಡೆಯ ಮೇಲೆ ಒಬ್ಬೊಬ್ಬರ ಕಿಟಕಿಗೂ ಮೈ ಸವರಿಕೊಂಡು ಕೆಳಗೆ ಇಳಿಯುತ್ತಿತ್ತು. ಇದಕ್ಕೆ ಅಜ್ಜಿ ಒಪ್ಪಿದ್ದು ಹೇಗೆ ಅಂತೀರಾ? ಅವರು ಅದನ್ನು ಬಟ್ಟೆ ಒಣಗಿಸುವ ತಂತಿ ಅಂದುಕೊಂಡಿದ್ದರು. ತಕ್ಕಡಿಯಣ್ಣ ಅಲ್ಲ ಅನ್ನುವುದಕ್ಕೆ ಇನ್ನೂ ಮಾತು ತೂಗುತ್ತಲೇ ಇದ್ದರು.

ಹೀಗಿರುವಾಗ ಒಂದೇ ವಾರದಲ್ಲಿ ಎರಡು ಹೊಸ ವಸ್ತು ಆ ಕಟ್ಟಡಕ್ಕೆ ಬಂದವು. ಮೇಲೆ ಅಜ್ಜಿಗೆ ಕಿವಿಯ ಮಿಷಿನ್ನು. ಕೆಳಗೆ ತಕ್ಕಡಿಯಣ್ಣನಿಗೆ ಮೊದಲಿಗಿಂತ ದೊಡ್ಡ ರೇಡಿಯೋ ಸೆಟ್ಟು. ಅಜ್ಜಿಯಲ್ಲಿ ಪವಾಡವೇ ಆಯಿತು. ಬೆಂಕಿಯಂತಿದ್ದವರು ಬೆಣ್ಣೆಯಾದರು. ಪಂಪು ಹೊತ್ತು ಹೊತ್ತಿಗೆ ಓಡಿತು. ವಕೀಲರಿಗೆ "ಸಣ್ಣಗಾಗಿದ್ದೀಯಪ್ಪ" ಅಂದರು. ವಕೀಲರು ಹೆದರಿ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಕಿವಿ ದೊಡ್ಡದಾಯಿತು, ಬಾಯಿ ಸಣ್ಣದಾಯಿತು ಅಂತ ಎಲ್ಲರೂ ಆ ಮಿಷಿನ್ನಿಗೆ ಕೈ ಮುಗಿದರು.

ಮಿಕ್ಕ ಮಹಡಿಗಳಲ್ಲಿ ಮಾತ್ರ ಪವಾಡ ಬೇರೆ ಥರ ಆಯಿತು.

ಡ್ಯಾನ್ಸ್ ಟೀಚರು ಸಂಜೆ ಪಾಠ ಮಾಡುತ್ತಿದ್ದರು. ಮಕ್ಕಳ ಅಮ್ಮಂದಿರು ಗೋಡೆ ಸಾಲಿಗೆ ಕೂತಿದ್ದರು. ಒಬ್ಬ ಹುಡುಗಿ ಗಿರಕಿ ಹೊಡೆದು ನಿಂತಳೋ ಇಲ್ಲವೋ, ದೊಡ್ಡ ಸ್ಪೀಕರು ತಾನಾಗಿ ಬಾಯಿ ಬಿಟ್ಟಿತು: "ಇವತ್ತೂ ಕುಂಟ್ತಾ ಇದೀರಾ? ಊತ ಇಳೀಲೇ ಇಲ್ವಾ?"

ಹುಡುಗಿ ಅತ್ತಳು. ಅವಳ ಅಮ್ಮ ಎದ್ದು ನಿಂತರು. "ಟೀಚರ್, ನಿಮ್ಗೆ ಇಷ್ಟ ಇಲ್ದಿದ್ರೆ ನೇರ ಹೇಳಿ. ಸ್ಪೀಕರ್ ಕೈಲಿ ಯಾಕೆ ಹೇಳಿಸ್ತೀರಾ?"

ಮೇಲೆ ವಕೀಲರು ಹೊಸ ಕಕ್ಷಿಗಾರನ ಮುಂದೆ ಕಾನೂನು ಕೊರೆಯುತ್ತಿದ್ದರು. ಮೇಜಿನ ಮೇಲಿದ್ದ ಕಂಪ್ಯೂಟರಿನ ಪುಟ್ಟ ಸ್ಪೀಕರುಗಳು ಬಹಳ ಮರ್ಯಾದೆಯಿಂದ ಹೇಳಿದವು: "ನೀವು ಹೇಳಿದ್ದು ಒಂದೂ ತಿಳೀಲಿಲ್ಲ. ಬರೀ ಗೊರಗೊರ ಶಬ್ದ. ಇನ್ನೊಂದ್ಸಲ ನಿಧಾನಕ್ಕೆ ಹೇಳಿ."

ಕಕ್ಷಿಗಾರ ಮೇಜು ಕುಟ್ಟಿದ. "ನಂಗೂ ಹಂಗೇ ಅನ್ನಿಸ್ತು ಸಾರ್, ಹೇಳೋಕೆ ಸಂಕೋಚ ಆಗಿತ್ತು."

ಇಬ್ಬರೂ ಕೆಳಗೆ ಬಂದು ಬಾಗಿಲು ಬಡಿದರು. ತಕ್ಕಡಿಯಣ್ಣ ಗೋಡೆ ನೋಡುತ್ತಾ ನಿಂತರು. ಅವರ ಹೆಂಡತಿಯೇ ಮುಂದೆ ಬಂದರು.

"ಅಕ್ಕಾ, ನಿಮ್ಮೆಜಮಾನ್ರ ದನಿ ನಮ್ಮನೇಲಿ ಬರ್ತಿದೆ" ಅಂದರು ಟೀಚರು.

"ಪುಣ್ಯ ಮಾಡಿದ್ದೀರಮ್ಮ. ನಮ್ಮನೇಲಿ ಬರಲ್ಲ."

ವಕೀಲರಿಗೆ ನಗು ಬರಲಿಲ್ಲ. "ನೋಡಿ ತಕ್ಕಡಿಯಣ್ಣ, ಇದು ಸರಿಹೋಗ್ಬೇಕು. ಇಲ್ದಿದ್ರೆ ಅದು ಬಟ್ಟೆ ತಂತಿ ಅಲ್ಲ ಅಂತ ಅಜ್ಜಿಗೆ ಹೇಳ್ತೀನಿ. ಮಾರನೇ ದಿನ ನಿಮ್ಮ ಆಂಟೆನಾ ಬೀದೀಲಿರುತ್ತೆ."

ಆಂಟೆನಾ ಹೋದರೆ ಸಮುದ್ರದ ನಡುವಿನ ಆ ಮನುಷ್ಯನ ಮಂಡಿ ಹೇಗಿದೆ ಅಂತ ಕೇಳುವವರು ಯಾರು? ಅವತ್ತೇ ಸಂಜೆ ತಕ್ಕಡಿಯಣ್ಣ ಕಾವಲುಗಾರರಿಗೆ ವಿಷಯ ಹೇಳಿದರು. ಆ ಕಡೆಯಿಂದ ಉತ್ತರ ಬಂತು: "ನೀವು ಬ್ಯಾಲನ್ ಹಾಕಿಲ್ವಾ ಮಾರಾಯ್ರೇ? ಕೇಬಲ್ಲು ಆಂಟೆನಾಗೆ ಸೇರೋ ಜಾಗದಲ್ಲಿ ಹಾಕ್ತಾರಲ್ಲ, ಸಣ್ಣ ಡಬ್ಬಿ. ಮೊದ್ಲು ಅದನ್ನ ತನ್ನಿ. ಓವರ್."

ರೇಡಿಯೋ ಸಾಮಾನಿನ ಅಂಗಡಿಯವನು ಒಳ್ಳೆಯ ಮನುಷ್ಯ. ಆದರೆ ತಕ್ಕಡಿಯಣ್ಣ ಬಾಗಿಲಲ್ಲಿ ಕಂಡದ್ದೇ, ತನ್ನ ಅಂಗಡಿಯಲ್ಲಿ ತಕ್ಕಡಿಯೇ ಇಲ್ಲ ಅನ್ನುವುದನ್ನೂ ಮರೆತು ಎದ್ದು ನಿಂತ.

"ಬ್ಯಾಲನ್ನಾ ಸಾರ್? ಇದೆ. ಆಂಟೆನಾ ಎಂಥದು? ಪವರ್ ಎಷ್ಟು? ಯಾವ ಬ್ಯಾಂಡು? ಒಂದಕ್ಕೊಂದು ಬೇಕಾ, ನಾಲ್ಕಕ್ಕೊಂದು ಬೇಕಾ?"

ತಕ್ಕಡಿಯಣ್ಣ ಬಾಯಿ ಬಿಡುವಷ್ಟರಲ್ಲಿ ಅವನೇ ಉತ್ತರವನ್ನೂ ಕೊಟ್ಟ. "ನಿಮ್ದು ಮಾಮೂಲಿ ಎರಡು ತೋಳಿಂದು ಅಲ್ವಾ? ಹಂಗಾದ್ರೆ ಒಂದಕ್ಕೊಂದು ಸಾಕು. ನಾಲ್ಕಕ್ಕೊಂದು ಬೇರೆ ಥರದ ಆಂಟೆನಾಗೆ."

ಈಗ ನೋಡಿ, ಬೇರೆ ಯಾರಾದರೂ ಆಗಿದ್ದರೆ ಸರಿ ಅಂತ ತಂದು ಹಾಕಿ ಕಥೆ ಇಲ್ಲಿಗೇ ಮುಗಿಸಿ ಬಿಡುತ್ತಿದ್ದರು. ಆದರೆ ತಕ್ಕಡಿಯಣ್ಣ ಇಡೀ ಆಯುಷ್ಯ ಅಂಗಡಿಯವರ ಮಾತನ್ನು ತಿರುಗಿಸಿ ನೋಡಿ ಬದುಕಿದವರು. ಅಂಗಡಿಯವನು ಸಾಕು ಅಂದರೆ ಕಡಿಮೆ ಅಂತ ಅರ್ಥ. ಸರಿಯಾಗಿದೆ ಅಂದರೆ ಅಡಿಯಲ್ಲಿ ಮೇಣ ಇದೆ ಅಂತ ಅರ್ಥ. ಒಂದು ಕೊಟ್ಟರೆ ಒಂದೇ ಬರುತ್ತದಂತೆ, ಅದೂ ಒಂದು ಡಬ್ಬಿಯೇ! ನಾಲ್ಕು ಬರುವುದನ್ನು ಹಿಂದೆ ಬಚ್ಚಿಟ್ಟಿದ್ದಾನೆ. ಹುಬ್ಬು ಗಂಟಿಕ್ಕಿ ಬೆರಳು ತೋರಿಸಿದರು. "ನಾಲ್ಕಕ್ಕೊಂದು."

"ಸಾರ್, ಅದು ನಿಮಗೆ..."

"ನಾಲ್ಕಕ್ಕೊಂದು" ಅಂದರು ತಕ್ಕಡಿಯಣ್ಣ, ಮುದ್ರೆ ಒತ್ತುವ ದನಿಯಲ್ಲಿ. ಅಂಗಡಿಯವನು ಕೈ ಮುಗಿದು ಕಟ್ಟಿಕೊಟ್ಟ.

ಡಬ್ಬಿ ಹಾಕಿ ಕೆಳಗೆ ಬಂದು ಗುಂಡಿ ಒತ್ತಿದರೆ, ಸೆಟ್ಟಿನ ಮುಳ್ಳು ಕೆಂಪಿನ ಕಡೆ ವಾಲಿತು. ಕಾವಲುಗಾರರಿಗೆ ಇವರ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸಿತಂತೆ. ತಕ್ಕಡಿಯಣ್ಣ ಪವರ್ ಹೆಚ್ಚಿಸುವ ಗುಂಡಿ ತಿರುಗಿಸಿದರು. ಇನ್ನೂ ತಿರುಗಿಸಿದರು. ಆ ಸಂಜೆ ವಕೀಲರ ಮನೆಯ ಕರೆಗಂಟೆ ತಾನಾಗಿ ಹೊಡೆದುಕೊಂಡಿತು. ಬಾಗಿಲು ತೆರೆದರೆ ಯಾರೂ ಇಲ್ಲ. "ಒಳಗೆ ಬರ್ಲಾ?" ಅಂತ ಕಂಪ್ಯೂಟರು ಕೇಳಿತು. ಟೀಚರ ಸ್ಪೀಕರಿನಿಂದ ಬಂದ ದನಿಗೆ ಎದುರು ಮನೆಯ ನಾಯಿ ಉತ್ತರ ಕೊಟ್ಟಿತು. ತಕ್ಕಡಿಯಣ್ಣನ ಮೈಕಿನಿಂದ ಕರೆಂಟು ಹಾರಿ ಅವರ ಮೀಸೆಗೇ ಚುರ್ ಅನ್ನಿಸಿತು. ಮೇಲೆ ಅಜ್ಜಿ ಒಬ್ಬರೇ ಹಿಂದೆಂದಿಗಿಂತ ಖುಷಿಯಾಗಿದ್ದರು. ಪಂಪು ನಿಲ್ಲಿಸುವುದನ್ನೇ ಮರೆತು, ಮೆಟ್ಟಿಲ ಮೇಲೆ ಹೊಳೆ ಹರಿಯಿತು.

ವಕೀಲರು ಅಜ್ಜಿಯ ಹತ್ತಿರ ಹೋಗುವ ಮೊದಲು ಸರ್ಕಾರಕ್ಕೆ ಬರೆದರು. ಸರ್ಕಾರದಿಂದ ಒಬ್ಬ ವೈರ್‌ಲೆಸ್ ಇನ್ಸ್‌ಪೆಕ್ಟರು ಬಂದರು. ಬಗ್ಗಿದ ಬೆನ್ನು, ಕೊರಳಿಗೆ ಪೆಟ್ಟಿಗೆ, ಪೆಟ್ಟಿಗೆಗೆ ಮುಳ್ಳು. ಇನ್ನೊಬ್ಬ ಇನ್ಸ್‌ಪೆಕ್ಟರು ತನ್ನ ಮನೆಯನ್ನು ತೂಗಲು ಬಂದದ್ದನ್ನು ಕಂಡು ತಕ್ಕಡಿಯಣ್ಣನಿಗೆ ಅಂಗಡಿಯವರ ಸಂಕಟ ಮೊದಲ ಸಲ ಅರ್ಥವಾಯಿತು. ತಾವೂ ಎದ್ದು ಕೈ ಕಟ್ಟಿ ನಿಂತರು.

ಇನ್ಸ್‌ಪೆಕ್ಟರು ಪೆಟ್ಟಿಗೆ ಹಿಡಿದು ತಾರಸಿಗೆ ಹೋದರು, ಹಿಂಗೋಡೆ ಪಕ್ಕ ಇಳಿದರು, ಮತ್ತೆ ಹೋದರು. "ಸ್ವಾಮಿ, ನಿಮ್ಮ ಆಂಟೆನಾ ಪಾಪ ಸುಮ್ನಿದೆ. ಕೂಗ್ತಿರೋದು ಕೇಬಲ್ಲು. ಗೋಡೆ ಉದ್ದಕ್ಕೂ ಒಂದೊಂದು ಕಿಟಕೀಗೂ ಬಾಯಿ ಹಾಕಿ ಕೂಗ್ತಿದೆ. ನಿಮ್ಮ ಕೆಲಸ ಏನು?"

"ತ... ತಕ್ಕಡಿ."

"ಓಹೋ! ಒಂದು ತಟ್ಟೆ ಸುಮ್ಸುಮ್ನೆ ವಾಲಿದ್ರೆ ಏನ್ ಮಾಡ್ತೀರಿ?"

ತಕ್ಕಡಿಯಣ್ಣನ ಕಣ್ಣು ಮಿಂಚಿತು. "ಏನೋ ಅಂಟ್ಕೊಂಡಿದೆ ಅಂತ ನೋಡ್ತೀನಿ" ಅಂತ ತಾರಸಿಗೆ ಒಂದೇ ಓಟ. ನೋಡಿದರೆ ಎಡಗಡೆ ತೋಳಿನ ಮೇಲೆ ಅಜ್ಜಿಯ ಒದ್ದೆ ಕಂಬಳಿ! ಗೆದ್ದೆ ಅಂತ ಅದನ್ನು ಹೆಗಲಿಗೆ ಹಾಕಿಕೊಂಡು ಬಂದರು. ಇನ್ಸ್‌ಪೆಕ್ಟರು ಮತ್ತೆ ಮುಳ್ಳು ನೋಡಿದರು. ಅಲ್ಲಾಡಲಿಲ್ಲ.

"ಕಂಬಳಿ ಅಲ್ಲ ಸ್ವಾಮಿ. ತಕ್ಕಡಿಗೆ ಎಷ್ಟು ತಟ್ಟೆ?"

"ಎರಡು."

"ನಿಮ್ಮ ತಕ್ಕಡೀಗೆ ಮೂರಿದೆ. ಎಡ ತೋಳು ಒಂದು, ಬಲ ತೋಳು ಒಂದು. ಕೇಬಲ್ಲಿನ ಹೆಣಿಗೆ ಕವಚ ಇದ್ಯಲ್ಲ, ಅದರ ಹೊರಮೈ ಇನ್ನೊಂದು. ಒಂದು ತೋಳಿಗೆ ಹೋಗ್ಬೇಕಾದ ಕರೆಂಟು ಅರ್ಧಕ್ಕೆ ಜಾರಿ, ಆ ಹೊರಮೈ ಹಿಡ್ಕೊಂಡು ಕೆಳಗಿಳೀತಿದೆ. ಆಗ ಕೇಬಲ್ಲೇ ಆಂಟೆನಾ ಆಗಿ ಕೂಗುತ್ತೆ. ನಿಮ್ಗೆ ಬೇಕಾದ್ದು ಆ ಮೂರನೇ ತಟ್ಟೆಗೆ ಬಾಗಿಲು ಹಾಕೋ ಡಬ್ಬಿ. ನೀವು ತಂದಿರೋದು ತೂಕವನ್ನೇ ಬದಲಾಯಿಸೋ ಡಬ್ಬಿ. ನಾಲ್ಕಕ್ಕೊಂದು ಅಂದ್ರೆ ನಾಲ್ಕು ಪಟ್ಟು ಲಾಭ ಅಂದ್ಕೊಂಡ್ರಾ?"

ತಕ್ಕಡಿಯಣ್ಣ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು. ಮೇಣ ಹಿಡಿದಿದ್ದರು, ಅಯಸ್ಕಾಂತ ಹಿಡಿದಿದ್ದರು, ಟೊಳ್ಳು ತೂಕದ ಕಲ್ಲು ಹಿಡಿದಿದ್ದರು. ತನ್ನ ತಲೆಯ ಮೇಲೇ ಮೂರು ತಟ್ಟೆಯ ತಕ್ಕಡಿ ಕಟ್ಟಿಕೊಂಡು ಕೂತಿದ್ದರಲ್ಲ!

"ಮುಂದಿನ ವಾರ ಬರ್ತೀನಿ" ಅಂದರು ಇನ್ಸ್‌ಪೆಕ್ಟರು. "ಸರಿ ಹೋಗಿರ್ಲಿ. ಆಮೇಲೆ ಯಾವತ್ತಾದ್ರೂ ಮತ್ತೆ ಹೀಗಾದ್ರೆ ಸೆಟ್ಟಿಗೆ ಸೀಲು." ಹೋಗುವಾಗ ಕಂಬಳಿಯನ್ನು ಮಡಿಸಿಯೂ ಕೊಟ್ಟರು. ಅಂಥ ಅಧಿಕಾರಿಗಳೂ ಇರುತ್ತಾರೆ.

ತಕ್ಕಡಿಯಣ್ಣ ಮತ್ತೆ ಅಂಗಡಿಗೆ ಹೋಗಿ, ಆಯುಷ್ಯದಲ್ಲಿ ಮೊದಲ ಸಲ ಒಬ್ಬ ಅಂಗಡಿಯವನಿಗೆ "ನೀವು ಹೇಳಿದ್ದೇ ಸರಿ" ಅಂದರು. ಅವನು ಗಾಬರಿಯಾಗಿ ಕುರ್ಚಿ ಕೊಟ್ಟ. ಒಂದಕ್ಕೊಂದರ ಡಬ್ಬಿ ಬಿಚ್ಚಿ ತೋರಿಸಿದ. ಒಳಗೆ ಕರಿ ಬಳೆಯಂಥದೊಂದು, ಅದಕ್ಕೆ ಕೇಬಲ್ಲನ್ನೇ ಸುತ್ತಿದ್ದಾರೆ. "ಹೊರಮೈ ಮೇಲೆ ಇಳಿಯೋ ಕರೆಂಟಿಗೆ ಈ ಕರಿ ಉಂಗುರ ಗುಡ್ಡ ಇದ್ದಂಗೆ ಸಾರ್. ಹತ್ತೋಕಾಗದೆ ವಾಪಸ್ ಹೋಗುತ್ತೆ. ಒಳಗಿಂದ ಹೋಗೋದಕ್ಕೆ ಮಾತ್ರ ಗುಡ್ಡ ಕಾಣೋದೇ ಇಲ್ಲ. ನಿಮ್ಮ ಪವರ್‌ಗೆ, ನಿಮ್ಮ ಬ್ಯಾಂಡಿಗೆ ಇದು ಸರಿಹೊಂದುತ್ತೆ."

ಹಾಕಿದರು. ಮುಳ್ಳು ನೆಟ್ಟಗೆ ನಿಂತಿತು. ಕಾವಲುಗಾರರು "ಪಕ್ಕದಲ್ಲೇ ಕೂತಂಗಿದೆ!" ಅಂದರು. ಟೀಚರ ಸ್ಪೀಕರು ಹಾಡನ್ನು ಮಾತ್ರ ಹಾಡಿತು. ವಕೀಲರ ಕಂಪ್ಯೂಟರು ಅವರ ಬುದ್ಧಿಯ ಬಗ್ಗೆ ಅಭಿಪ್ರಾಯ ಹೇಳುವುದನ್ನು ಬಿಟ್ಟಿತು. ಇಬ್ಬರೂ ಬಂದು ತಕ್ಕಡಿಯಣ್ಣನ ಕೈ ಹಿಡಿದು ಕುಲುಕಿದರು. ಅವರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ಮೇಲೆ ಆಗುತ್ತಿದ್ದದ್ದೇ ಬೇರೆ.

ಮಾರನೇ ದಿನ ಪಂಪು ಓಡಲಿಲ್ಲ. ಅದರ ಮಾರನೇ ದಿನ ತಾರಸಿಗೆ ಬೀಗ ಬಿತ್ತು. ಅಜ್ಜಿ ಟೀಚರಿಗೆ "ಇದು ಮನೆಯೋ ಕುದುರೆ ಲಾಯವೋ" ಅಂದರು. ವಕೀಲರಿಗೆ "ಹಂದಿ ಥರ ಊದಿದ್ದೀಯ" ಅಂದರು. ವಕೀಲರಿಗೆ ಸಮಾಧಾನವಾಯಿತು, ಆದರೆ ನೀರು ಬರಲಿಲ್ಲ. ಮೂರನೇ ದಿನ ಅಜ್ಜಿ ಕಿವಿಯ ಮಿಷಿನ್ನು ಮಾರಿದವನನ್ನು ಕರೆಸಿದರು. ಇಡೀ ಕಟ್ಟಡ ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿತು.

"ಇದ್ರಲ್ಲಿ ಇದ್ದವ್ನು ಎಲ್ಲಿ?"

"ಅಮ್ಮಾ, ಇದ್ರಲ್ಲಿ ಯಾರೂ ಇರಲ್ಲ. ಬ್ಯಾಟ್ರಿ ಇರುತ್ತೆ."

"ಬ್ಯಾಟ್ರಿ ನನ್ನ ಮಂಡಿ ನೋವು ಕೇಳುತ್ತೇನೋ? ದಿನಾ ಸಂಜೆ ಬಂದು, ಚೆನ್ನಾಗಿದ್ದೀರಾ, ಎಣ್ಣೆ ಹಚ್ಕೊಂಡ್ರಾ, ಏನೇನಾಯ್ತು ಒಂದೂ ಬಿಡ್ದೆ ಹೇಳಿ ಅಂತಿದ್ದ. ಆಮೇಲೆ ನನ್ನ ಮಾತು ಮುಗಿಯೋ ತನಕ ಉಸಿರೆತ್ತುತ್ತಿರ್ಲಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ ಮಕ್ಕಳು ಒಬ್ರೂ ನನ್ನ ಮಾತನ್ನ ಪೂರ್ತಿ ಕೇಳಿಲ್ಲ. ಅಂಥ ಹುಡುಗನ್ನ ಯಾಕೋ ತೆಗೆದೆ? ಸಂಬಳ ಕೊಟ್ಟಿಲ್ವಾ ಅವನಿಗೆ?"

ಬಂದವನು ಮಿಷಿನ್ನು ಕಿವಿಗಿಟ್ಟು ಅಲ್ಲಾಡಿಸಿ ನೋಡಿದ. ಆಮೇಲೆ ಚಪ್ಪಲಿಯನ್ನೂ ಮರೆತು ಇಳಿದು ಓಡಿದ.

ಮೆಟ್ಟಿಲ ಮೇಲೆ ವಕೀಲರು ಟೀಚರ ಮುಖ ನೋಡಿದರು, ಟೀಚರು ವಕೀಲರ ಮುಖ ನೋಡಿದರು. ಬಕೆಟ್ಟು ಅಲ್ಲೇ ಇಟ್ಟು ಇಬ್ಬರೂ ತಕ್ಕಡಿಯಣ್ಣನ ಬಾಗಿಲು ಬಡಿದರು.

"ತಕ್ಕಡಿಯಣ್ಣ, ಆ ಡಬ್ಬಿ ತೆಗೀರಿ."

"ನೀವೇ ತಾನೆ ಹಾಕ್ಸಿದ್ದು!" ಅಂದರು ಅವರ ಹೆಂಡತಿ.

"ಅಕ್ಕಾ, ಮಾತಾಡೋ ಸ್ಪೀಕರ್ ಜೊತೆ ಹೆಂಗೋ ಬಾಳ್ತೀನಿ. ಸ್ನಾನ ಇಲ್ದೆ ಹೆಂಗೆ ಡ್ಯಾನ್ಸ್ ಮಾಡ್ಸಲಿ?"

"ನನ್ನ ಬುದ್ಧಿಗೆ ಕಂಪ್ಯೂಟರ್ ಬೈಲಿ, ಪರವಾಗಿಲ್ಲ" ಅಂದರು ವಕೀಲರು. "ಕಾನೂನು, ತಾರಸಿ ಬೀಗ ಎರಡನ್ನೂ ನಾನು ನೋಡ್ಕೋತೀನಿ. ಇಲ್ದಿದ್ರೆ ಅಜ್ಜಿ ಇವತ್ತಲ್ಲ ನಾಳೆ ಆ ತಂತೀನೂ ಕೀಳಿಸ್ತಾರೆ. ತಾರಸಿಗೆ ಬೀಗ ಹಾಕಾಯ್ತಲ್ಲ."

ತಕ್ಕಡಿಯಣ್ಣನಿಗೆ ಅತ್ತ ದರಿ ಇತ್ತ ಪುಲಿ. ಡಬ್ಬಿ ತೆಗೆದರೆ ಇನ್ಸ್‌ಪೆಕ್ಟರು ಸೀಲು ಹಾಕುತ್ತಾರೆ. ಬಿಟ್ಟರೆ ಅಜ್ಜಿ ಆಂಟೆನಾ ಕೀಳಿಸುತ್ತಾರೆ. ಯಾವ ತಟ್ಟೆಗೆ ಏನು ಹಾಕಿದರೂ ನಡುವೆ ನೇತಾಡುವುದು ದೀಪಸ್ತಂಭದ ಆ ಒಂಟಿ ಮನುಷ್ಯ. ಮಂಚದ ಮೇಲೆ ಕೂತು ಎಡಗೈ ನೋಡಿದರು, ಬಲಗೈ ನೋಡಿದರು.

ಹೆಂಡತಿ ಖಾಲಿ ಬಕೆಟ್ಟು ದಡ್ ಅಂತ ಕುಕ್ಕಿದರು. "ರೀ, ಮೆಟ್ಟಿಲು ಹತ್ತೋಕೂ ಲೈಸೆನ್ಸ್ ಬೇಕಾ? ಗಾಳೀಲಿ ಹೋಗಿ ಕೇಳ್ತಿದ್ದ ಮಾತನ್ನ ಕಾಲಲ್ಲಿ ಹೋಗಿ ಕೇಳಿ."

"ಎದುರಿಗೆ ನಿಂತು... ನಂಗೆ ಮಾತು..."

"ಮೈಕು ತಗೊಂಡ್ಹೋಗಿ!"

ನೀವು ನಗುತ್ತೀರಿ ಅಂತ ಗೊತ್ತು. ಆದರೆ ನಡೆದದ್ದು ಹೀಗೇ. ಸೆಟ್ಟಿನಿಂದ ಮೈಕು ಕಿತ್ತು, ವೈರು ಮೆಟ್ಟಿಲ ಮೇಲೆ ಎಳೆದಾಡಿಸಿಕೊಂಡು ತಕ್ಕಡಿಯಣ್ಣ ಹೊರಟರು. ಹಿಂದೆ ಹೆಂಡತಿ, ಅವರ ಹಿಂದೆ ಟೀಚರು, ಅವರ ಹಿಂದೆ ವಕೀಲರು. ಅಜ್ಜಿಯ ಬಾಗಿಲು ತೆರೆದಿತ್ತು. ಅಜ್ಜಿ ಕಿಟಕಿಯ ಪಕ್ಕ, ಕಿವಿಯ ಮಿಷಿನ್ನನ್ನು ಬಿಗಿಯಾಗಿ ಒತ್ತಿಕೊಂಡು, ಕೇಬಲ್ಲಿನ ಕಡೆಗೇ ಮುಖ ಮಾಡಿ ಕೂತಿದ್ದರು. ಸಂಜೆಯಾಗಿತ್ತಲ್ಲ, ಕಾಯುತ್ತಿದ್ದರು.

ತಕ್ಕಡಿಯಣ್ಣ ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ಕಣ್ಣು ಮುಚ್ಚಿದರು. ಮೈಕಿನ ಗುಂಡಿ ಒತ್ತಿದರು.

"ಚೆನ್ನಾಗಿದ್ದೀರಾ? ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಕೊಂಡ್ರಾ? ನಿಮ್ಮ ದನಿ ಕೇಳದೆ... ಕೇಳದೆ ನೀರೇ ಇಳೀತಿಲ್ಲ. ಏನೇನಾಯ್ತು, ಒಂದೂ ಬಿಡ್ದೆ ಹೇಳಿ. ಓವರ್."

ಗುಂಡಿ ಬಿಟ್ಟರು. ಮೆಟ್ಟಿಲ ಮೇಲಿಂದ ಮೂರು ಜನ ಕತ್ತು ಚಾಚಿದರು.

ಅಜ್ಜಿ ನಿಧಾನಕ್ಕೆ ತಿರುಗಿದರು. ತಕ್ಕಡಿಯಣ್ಣನ ಹೊಟ್ಟೆಯಿಂದ ಹಿಡಿದು ಮೀಸೆಯ ತನಕ ನೋಡಿದರು. ಮಿಷಿನ್ನನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿಟ್ಟು ಅದನ್ನೂ ನೋಡಿದರು. ಮತ್ತೆ ಅವರನ್ನು ನೋಡಿದರು.

"ಅಯ್ಯೋ ನನ್ನಪ್ಪಾ, ಇಷ್ಟು ದಪ್ಪ ಇದ್ದವ್ನು ಇಷ್ಟು ಸಣ್ಣದ್ರೊಳಗೆ ಹೆಂಗೋ ಇದ್ದೆ! ಇಕ್ಕಟ್ಟಾಗಿ ಹೊರಗೆ ಬಂದ್ಯಾ? ಒಳ್ಳೇದಾಯ್ತು. ಬಾ, ಕೂತ್ಕೋ. ಕಾಲು ಚಾಚ್ಕೋ."

ತಕ್ಕಡಿಯಣ್ಣ ಕಾಲು ಚಾಚಿ ಕೂತರು. ಅಜ್ಜಿ ಮಿಷಿನ್ನನ್ನು ಮತ್ತೆ ಕಿವಿಗೆ ಹಾಕಿಕೊಂಡು ಶುರು ಮಾಡಿದರು. ಮೂರು ದಿನದ್ದು ಬಾಕಿ ಇತ್ತು. ತಕ್ಕಡಿಯಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಮಾತಿನ ನಡುವೆ ಅಜ್ಜಿಯ ಕೈ ತಾನಾಗಿ ಮಂಚದ ಪಕ್ಕಕ್ಕೆ ಹೋಯಿತು. ಕೆಳಗೆ ಮೂರೂ ಮನೆಯ ನಲ್ಲಿಗಳು ಒಟ್ಟಿಗೆ ಕೆಮ್ಮಿದವು. ಟೀಚರು ಬಕೆಟ್ಟಿಗೆ ಓಡಿದರು. ವಕೀಲರು ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡರು, ನೀರಿನ ಖುಷಿಗೆ.

ಮಾತೆಲ್ಲ ಮುಗಿದ ಮೇಲೆ ಅಜ್ಜಿ, "ಅದೇನೋ ಅಂತಿದ್ಯಲ್ಲ ಕೊನೇಲಿ... ಹಾಂ, ಓವರ್" ಅಂದರು.

ತಾರಸಿಯ ಬೀಗ ತೆರೆಯಿತು. ಇನ್ಸ್‌ಪೆಕ್ಟರು ಬಂದು ಮುಳ್ಳು ನೋಡಿ ತಲೆದೂಗಿ ಹೋದರು. ಅಂದಿನಿಂದ ತಕ್ಕಡಿಯಣ್ಣನ ಸಂಜೆಗೆ ಎರಡು ತಟ್ಟೆ: ಮೊದಲು ಮೇಲೆ ಅಜ್ಜಿ, ಆಮೇಲೆ ಕೆಳಗೆ ಬಂದು ಕಾವಲುಗಾರರು. ಎರಡು ಮಂಡಿಗಳ ಸಮಾಚಾರವೂ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. ಕಾವಲುಗಾರರು ಒಂದು ಎಣ್ಣೆ ಹೇಳಿದರು, ಅಜ್ಜಿಗೆ ಗುಣವಾಯಿತು. ಅದಕ್ಕೆ ಋಣ ತೀರಿಸುವುದು ಹೇಗೆ ಅಂತ ಅಜ್ಜಿ ಒಂದು ದಿನ ತಾರಸಿಗೆ ಹತ್ತಿ ಆ ಕಡೆ ಈ ಕಡೆ ನೋಡಿ, "ಬಟ್ಟೆ ತಂತಿ ಬಹಳ ಕೆಳಗಿದೆ, ಇನ್ನೂ ಎತ್ತರಕ್ಕೆ ಕಟ್ಕೊಳ್ರೋ" ಅಂದರಂತೆ. ಅವರಿಗೆ ಎಲ್ಲ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸುಖವಾಗಿ ನೀರು ಬರುತ್ತಿರುವಾಗ ಪಂಪಿನ ಹೊಟ್ಟೆ ಯಾರು ಬಿಚ್ಚಿ ನೋಡುತ್ತಾರೆ? ತಕ್ಕಡಿಯಣ್ಣ ಮಾತ್ರ ದಿನಾ ಒಂದು ಸಲ ಆ ಕರಿ ಡಬ್ಬಿಯ ಕಡೆ ಮುಖ ಎತ್ತಿ ಕೈ ಮುಗಿಯುತ್ತಾರೆ. ಅದು ಕೇಬಲ್ಲಿನ ಬಾಯಿ ಮುಚ್ಚಿಸದಿದ್ದರೆ ಅವರು ಬಾಯಿ ತೆರೆಯುತ್ತಲೇ ಇರಲಿಲ್ಲ.

ಇಷ್ಟೇ ಕಥೆ. ಆದರೆ ಇಷ್ಟು ಹೊತ್ತು ಒಂದೇ ತಟ್ಟೆಗೆ ತುಂಬಿದ್ದೇನೆ, ಮಾತೆಲ್ಲ ನನ್ನದೇ. ಇನ್ನೊಂದು ತಟ್ಟೆ ಖಾಲಿ ಬಿಟ್ಟು ಎದ್ದು ಹೋಗಬೇಡಿ, ಮುದ್ರೆ ಒತ್ತಲು ಬರುವುದಿಲ್ಲ. ನನಗೂ ಒಂದು ಮಂಡಿ ಇದೆ, ಎಡಗಡೆಯದು, ಬಹಳ ದಿನದಿಂದ ಯಾರೂ ಕೇಳಿಲ್ಲ. ಕೇಳಿ ನೋಡೋಣ. ಕೇಳಿದ ಮೇಲೆ ನಾನು ಮುಗಿಸುವ ತನಕ ಬಾಯಿ ಬಿಡಬಾರದು.

ಓವರ್.